ಮನೆತನದ ಗುಟ್ಟಿನ ಥ್ರಿಲ್ಲರ್ ಓದ್ತಿದ್ದೀನಿ. 60 ಪುಟ ಆದರೂ ಏನೂ ನಡೆದಿಲ್ಲ, ಬಿಟ್ಟುಬಿಡಲಾ?

ಬಿಡಬೇಡಿ. ಇಂಥ ಕಾದಂಬರಿಯಲ್ಲಿ ಏನೂ ನಡೀತಿಲ್ಲ ಅನಿಸುವ ಪುಟಗಳಲ್ಲೇ ಗುಟ್ಟು ಅಡಗಿರುತ್ತದೆ. ಯಾವ ಹೆಸರು ಬಂದಾಗ ಊಟಕ್ಕೆ ಕೂತವರು ಸುಮ್ಮನಾದರು, ಅತ್ತೆ ಯಾವ ಮಾತಿಗೆ ಎದ್ದು ಒಳಗೆ ಹೋದರು, ಅದನ್ನು ಗಮನಿಸಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೋಡಿ. ಥ್ರಿಲ್ಲರ್ ಅಂತ ಹಣೆಪಟ್ಟಿ ಇಲ್ಲ, ಆದರೂ ಎದೆ ಡವಡವ ಅನ್ನುತ್ತದೆ. ಹಳೇ ಮನೆಯಲ್ಲಿ ಇರುವೆ ಕಾಟ. ಮನೆಯವರೆಲ್ಲ ಅವನ್ನು ಹುಡುಕಿ ಹುಡುಕಿ ಕೊಲ್ಲುತ್ತಾರೆ. ಓದುವಾಗ ಅದು ಬಡ ಸಂಸಾರದ ಸಣ್ಣ ತಾಪತ್ರಯ, ಅಷ್ಟೇ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬಂದ ಮೇಲೆ ಅದೇ ಜನ ಬೇರೆ ಥರ ಕಾಣತೊಡಗುತ್ತಾರೆ. ಮುಂದಿನದು ಹೇಳಲ್ಲ, ನೀವೇ ಓದಬೇಕು.

ದಿನಕ್ಕೆ ಎರಡೆರಡು ಪುಟ ಓದಿದರೆ ಎಳೆ ತಪ್ಪುತ್ತದೆ. ನಮ್ಮ ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಹೇಗೂ ಹೊರಗೆ ಕಾಲಿಡೋಕಾಗಲ್ಲ ಅಲ್ವಾ? ಆಗ ಒಂದೇ ಪಟ್ಟಿಗೆ ಓದಿ. ಇಲ್ಲಾಂದ್ರೆ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬೆಂಗಳೂರಿಗೆ ಹೊರಟಾಗ. ಸಂಬಂಧಗಳು ಗೋಜಲಾದರೆ ಒಂದು ಚೀಟಿಯಲ್ಲಿ ಯಾರಿಗೆ ಯಾರು ಏನಾಗಬೇಕು ಅಂತ ಬರೆದುಕೊಳ್ಳಿ.

ಅರ್ಧ ಪುಸ್ತಕ ಮುಗಿದರೂ ಯಾರ ಮೇಲೂ ಅನುಮಾನ ಹುಟ್ಟದಿದ್ದರೆ ಧಾರಾಳವಾಗಿ ಪಕ್ಕಕ್ಕಿಡಿ.