ಧೈರ್ಯ ಬೇಡುವ ಸಂದರ್ಭವೇ ಬಾರದಿದ್ದರೆ ನನ್ನ ನಂಬಿಕೆ ನಿಜವೆಂದು ತಿಳಿಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೀರಿ, ಪ್ರಾರ್ಥನೆ ಬಿಟ್ಟವರಲ್ಲ. ಆದರೂ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯಕ್ಕೆ ಬಂದಾಗಲೆಲ್ಲ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬ ಮಾತು ಚುಚ್ಚುತ್ತದೆ. ಧೈರ್ಯ ತೋರಿಸಬೇಕಾದ ಸಂದರ್ಭ ನಿಮಗೆ ಒದಗಿಯೇ ಇಲ್ಲ, ಒದಗಿದರೆ ನಿಲ್ಲುತ್ತೀರೋ ಓಡುತ್ತೀರೋ ಗೊತ್ತಿಲ್ಲ. ವಿಧೇಯತೆ ಎಂದರೆ ಅಧಿಕಾರದಲ್ಲಿರುವವರ ಮಾತು ಕೇಳುವುದೂ ಸೇರುತ್ತದಲ್ಲವೇ ಎಂಬ ಗೊಂದಲ ಬೇರೆ.

ನಮ್ಮ ಸಭೆಯಲ್ಲಿ ಬುಧವಾರದ ಸತ್ಯವೇದ ಅಧ್ಯಯನ ನಡೆಸುವವರಲ್ಲಿ ನಾನೂ ಒಬ್ಬ. ಅಲ್ಲಿ ಈ ಪ್ರಶ್ನೆ ಎದ್ದಾಗ ನಾನು ಫ್ರಾನ್ಸಿನ ಒಂದು ಬೆಟ್ಟದ ಊರಿನ ಕಡೆ ಕೈ ತೋರಿಸುತ್ತೇನೆ. ನಿಮ್ಮ ಮೂರೂ ಸಂಶಯಗಳಿಗೆ ಆ ಊರಿನವರು ಬದುಕಿ ಉತ್ತರ ಕೊಟ್ಟಿದ್ದಾರೆ ಎಂದು ನಾನು ನಂಬಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಊರಿನ ಹೆಸರು ಲ ಶಾಂಬೋನ್. ದಕ್ಷಿಣ ಫ್ರಾನ್ಸಿನಲ್ಲಿ ಸುಮಾರು ಸಾವಿರ ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ. ಕ್ಯಾಥೊಲಿಕರೇ ಹೆಚ್ಚಿರುವ ಫ್ರಾನ್ಸಿನಲ್ಲಿ ಈ ಭಾಗದ ರೈತರು ಬಹುಪಾಲು ಪ್ರೊಟೆಸ್ಟಂಟರು, ಹ್ಯೂಗೆನಾಟರು ಎಂದು ಕರೆಸಿಕೊಂಡ ಹಳೆಯ ಫ್ರೆಂಚ್ ಪ್ರೊಟೆಸ್ಟಂಟರ ವಂಶದವರು. 1685ರಲ್ಲಿ ಹದಿನಾಲ್ಕನೇ ಲೂಯಿ ಇವರ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಇವರ ಪೂರ್ವಿಕರು ಕಾಡಿನಲ್ಲಿ ಅಡಗಿ ಆರಾಧನೆ ಮಾಡಿದ್ದರು. ಮರೀ ದ್ಯುರಾಂ ಎಂಬ ಹೆಣ್ಣುಮಗಳು ನಂಬಿಕೆ ಬಿಡಲೊಲ್ಲದೆ 38 ವರ್ಷ ಒಂದು ಕೋಟೆಯ ಗೋಪುರದಲ್ಲಿ ಸೆರೆಯಲ್ಲಿದ್ದಳು. ಅಟ್ಟಿಸಿಕೊಂಡು ಓಡುವವರ ಪಾಡು ಏನೆಂದು ಈ ಊರಿನ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು. ಇದನ್ನು ಮರೆತು ಮುಂದಿನದನ್ನು ಓದಬೇಡಿ.

1934ರಲ್ಲಿ ಇಲ್ಲಿಗೆ ಆಂದ್ರೆ ತ್ರೋಕ್ಮೆ ಎಂಬ ಸಭಾಪಾಲಕರು ಬಂದರು. ಹೆಂಡತಿ ಮಗ್ದಾ, ಇಟಲಿಯ ಮೂಲದವರು. ನಾಲ್ಕು ವರ್ಷದ ನಂತರ ಎದ್ವಾರ್ ತೇಸ್ ಎಂಬ ಇನ್ನೊಬ್ಬ ಪಾಸ್ಟರ್ ಜೊತೆ ಸೇರಿ ಒಂದು ಶಾಲೆ ತೆರೆದರು. 1940ರ ಜೂನ್ 22ರಂದು ಫ್ರಾನ್ಸ್ ಹಿಟ್ಲರನಿಗೆ ಶರಣಾಗಿ ಒಪ್ಪಂದಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ದೇಶವೇ ತಲೆ ತಗ್ಗಿಸಿ ಕೂತಿದ್ದ ಆ ದಿನ ಈ ಇಬ್ಬರು ಪಾಸ್ಟರುಗಳು ಸಭೆಗೆ ಹೇಳಿದ ಮಾತಿನ ಸಾರ ಹೀಗಿದೆ: ಮನಸ್ಸಾಕ್ಷಿಯ ಮೇಲೆ ಬಲಾತ್ಕಾರ ನಡೆದಾಗ ಆತ್ಮದ ಆಯುಧಗಳಿಂದ ಎದುರಿಸುವುದು ಕ್ರೈಸ್ತರ ಕರ್ತವ್ಯ. ಸುವಾರ್ತೆಗೆ ವಿರುದ್ಧವಾದ ವಿಧೇಯತೆಯನ್ನು ಕೇಳಿದರೆ ಒಪ್ಪುವುದಿಲ್ಲ. ಭಯವಿಲ್ಲದೆ, ಆದರೆ ಗರ್ವವೂ ದ್ವೇಷವೂ ಇಲ್ಲದೆ ಹಾಗೆ ಮಾಡುತ್ತೇವೆ.

ಇಲ್ಲಿ ನಿಮ್ಮ ಮೂರನೆಯ ಸಂಶಯವನ್ನು ಮೊದಲು ತೆಗೆದುಕೊಳ್ಳುತ್ತೇನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದ ಮೊದಲ ಏಳು ವಚನಗಳನ್ನು ಮಾತ್ರ ಹಿಡಿದುಕೊಂಡು, ಸರ್ಕಾರ ಹೇಳಿದ್ದೆಲ್ಲ ದೇವರ ಮಾತು ಎಂದು ಆ ಕಾಲದ ಜರ್ಮನಿಯಲ್ಲಿ ಎಷ್ಟೋ ಸಭೆಗಳು ಕೈಕಟ್ಟಿ ಕೂತವು. ದಯವಿಟ್ಟು ಹಿಂದಿನ 12ನೇ ಅಧ್ಯಾಯದಿಂದ ಶುರುಮಾಡಿ 13ರ ಕೊನೆಯವರೆಗೆ ಒಂದೇ ಉಸಿರಿಗೆ ಓದಿ. ಹಸಿದ ವೈರಿಗೆ ಊಟ ಹಾಕು ಎಂಬ ಮಾತಿನ ಬೆನ್ನಿಗೇ ಅಧಿಕಾರಿಗಳ ಮಾತು ಬರುತ್ತದೆ. ಅದು ಮುಗಿಯುತ್ತಲೇ, ಪ್ರೀತಿಯು ನೆರೆಯವನಿಗೆ ಕೇಡು ಮಾಡದು ಎನ್ನುತ್ತಾನೆ ಪೌಲನು. ನೆರೆಯವನಿಗೆ ಕೇಡು ಮಾಡೆಂದು ಅಪ್ಪಣೆ ಬಂದ ಕ್ಷಣ ಏನಾಗಬೇಕು? ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರನು ಹಿರೀಸಭೆಯ ಮುಂದೆ ನಿಂತು ಹೇಳಿದ್ದು ಅಪೊಸ್ತಲರ ಕೃತ್ಯಗಳ ಐದನೇ ಅಧ್ಯಾಯದಲ್ಲಿದೆ. ಶಾಂಬೋನಿನವರಿಗೆ ಈ ಗೆರೆ ಎಲ್ಲಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

1941ರ ಆಗಸ್ಟಿನಲ್ಲಿ, ಸೋಲಿನ ನಂತರ ಹಿಟ್ಲರನೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತೇನನ ಗೌರವಕ್ಕೆ ಚರ್ಚಿನ ಗಂಟೆ ಬಾರಿಸಬೇಕೆಂದು ಆಜ್ಞೆ ಬಂತು. ಗಂಟೆ ನೋಡಿಕೊಳ್ಳುತ್ತಿದ್ದವಳು ಅಮೆಲಿ ಎಂಬ ಬಡ ಹೆಂಗಸು. ಬಾರಿಸೆಂದು ಕೇಳಲು ಬಂದವರಿಗೆ ಆಕೆ, ಈ ಗಂಟೆ ಮಾರ್ಷಲನದ್ದಲ್ಲ, ದೇವರದ್ದು ಎಂದು ಹೇಳಿ ಬಾಗಿಲಲ್ಲೇ ನಿಂತಳು. ದೇವತಾಶಾಸ್ತ್ರ ಓದಿದವಳಲ್ಲ ಆಕೆ. ಆದರೆ ಯಾವುದು ಯಾರಿಗೆ ಸಲ್ಲಬೇಕೆಂಬುದು ಆಕೆಗೆ ಸ್ಪಷ್ಟವಿತ್ತು.

ಆ ಹೊತ್ತಿಗೆ ನಾಜಿಗಳಿಂದ ತಪ್ಪಿಸಿಕೊಂಡು ಓಡಿಬಂದ ಯೆಹೂದ್ಯರು ಪ್ರಸ್ಥಭೂಮಿಯನ್ನು ಸೇರತೊಡಗಿದ್ದರು. ಮೊದಲು ಬಂದವರಲ್ಲಿ ಒಬ್ಬಾಕೆ ಜರ್ಮನಿಯ ಯೆಹೂದ್ಯ ಹೆಂಗಸು. ಹಿಮ ಸುರಿಯುತ್ತಿದ್ದ ಸಂಜೆ ಪಾಸ್ಟರರ ಮನೆ ಬಾಗಿಲು ತಟ್ಟಿ ಒಳಗೆ ಬರಬಹುದೇ ಎಂದಳು. ಖಂಡಿತ, ಬನ್ನಿ ಎಂದರು ಮಗ್ದಾ. ಊಟಕ್ಕಿಟ್ಟು, ಆಕೆಗೆ ಕಾಗದಪತ್ರ ಮಾಡಿಸಿಕೊಡಲು ಪುರಸಭೆಗೆ ಹೋದರೆ ಅಲ್ಲಿ ಬೈಸಿಕೊಂಡು ಬರಬೇಕಾಯಿತು. ಒಬ್ಬ ಪರದೇಶದವಳಿಗಾಗಿ ಊರನ್ನೇ ಅಪಾಯಕ್ಕೆ ಒಡ್ಡುತ್ತೀರಾ ಎಂದು ಕೇಳಿದರು. ಆ ಹೆಂಗಸನ್ನು ಬೇರೊಂದು ಊರಿಗೆ ಕಳಿಸಬೇಕಾಗಿ ಬಂದದ್ದು ಮಗ್ದಾರನ್ನು ಬಹುಕಾಲ ಕಾಡಿತು. ಮುಂದೆ ಬಂದವರಿಗೆ ಆಸರೆ ಕೊಡುವಾಗ ಅವರು ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ದೊಡ್ಡ ಯೋಜನೆ, ಸಂಘಟನೆ, ಪ್ರತಿಜ್ಞೆ ಯಾವುದೂ ಮೊದಲು ಇರಲಿಲ್ಲ. ಬಾಗಿಲು ತಟ್ಟಿದ ಸದ್ದಾಯಿತು, ತೆರೆದರು. ಹಳ್ಳಿಮನೆಗಳು, ಬೇಸಿಗೆ ಪ್ರವಾಸಿಗರಿಗೆಂದು ಕಟ್ಟಿದ್ದ ವಸತಿಗೃಹಗಳು, ದೂರದ ಹೊಲಮನೆಗಳು ಒಂದೊಂದಾಗಿ ತುಂಬಿದವು. ಯುದ್ಧವನ್ನು ಒಪ್ಪದ ಕ್ರೈಸ್ತ ಪಂಗಡದವರಾದ ಕ್ವೇಕರರು, ಸ್ವಿಸ್ ನೆರವು ಸಂಸ್ಥೆಯವರು ಮಕ್ಕಳ ಮನೆಗಳಿಗೆ ಹಣ ಕೊಟ್ಟರು. ಓಸ್ಕರ್ ರೊಸೋವ್‌ಸ್ಕಿ ಎಂಬ ಹದಿಹರೆಯದ ಯೆಹೂದ್ಯ ಹುಡುಗ ಸುಳ್ಳು ಗುರುತಿನ ಚೀಟಿ ತಯಾರಿಸುವುದರಲ್ಲಿ ಪಳಗಿದ. ತ್ರೋಕ್ಮೆಯವರು ಧರ್ಮೋಪದೇಶಕಾಂಡದ 19ನೇ ಅಧ್ಯಾಯ ಓದಿ, ಆಶ್ರಯನಗರ ಎಂದರೆ ನಮ್ಮ ಊರೇ ಆಗಬೇಕು ಎಂದು ಸಭೆಗೆ ಹೇಳುತ್ತಿದ್ದರು. ಎಷ್ಟು ಜನ ಬದುಕಿದರು ಎಂಬುದಕ್ಕೆ ಒಮ್ಮತದ ಲೆಕ್ಕವಿಲ್ಲ. ಸುತ್ತಲಿನ ಹಳ್ಳಿಗಳೂ ಸೇರಿ 5,000 ನಿರಾಶ್ರಿತರು ಎನ್ನುವವರಿದ್ದಾರೆ, ಅಷ್ಟಿಲ್ಲ ಎನ್ನುವವರೂ ಇದ್ದಾರೆ. ಹಿಂಸೆಯನ್ನು ಒಪ್ಪದ ತ್ರೋಕ್ಮೆಯವರ ದಾರಿ ಹಿಡಿಯದೆ ಬಂದೂಕು ಹಿಡಿದವರೂ ಆ ಬೆಟ್ಟದಲ್ಲಿದ್ದರು, ನೆರವಾದ ಕ್ಯಾಥೊಲಿಕರೂ ಇದ್ದರು. ಎಲ್ಲವನ್ನೂ ಒಬ್ಬ ಪಾಸ್ಟರರ ತಲೆಗೆ ಕಟ್ಟಿದರೆ ನ್ಯಾಯವಾಗದು. 1990ರಲ್ಲಿ ಯೆಹೂದ್ಯರ ಹತ್ಯಾಕಾಂಡದ ನೆನಪನ್ನು ಕಾಪಾಡುವ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಇಡೀ ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ಒಟ್ಟಾಗಿ ಗೌರವಿಸಿದ್ದು ಅದಕ್ಕೇ ಸರಿ.

1942ರ ಜುಲೈ ಮಧ್ಯಭಾಗದಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಪೊಲೀಸರೇ ಸುಮಾರು 13,000 ಯೆಹೂದ್ಯರನ್ನು, ಮಕ್ಕಳ ಸಮೇತ, ಹಿಡಿದರು. ಮುಂದಿನ ತಿಂಗಳು ವಿಶಿ ಸರ್ಕಾರದ ಯುವಜನ ಖಾತೆಯ ಲಾಮಿರಾಂ ಶಾಂಬೋನಿಗೆ ಭೇಟಿ ಕೊಟ್ಟಾಗ ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವರ ಕೈಗೆ ಒಂದು ಪತ್ರ ಇಟ್ಟರು. ಪ್ಯಾರಿಸಿನಲ್ಲಿ ಆದದ್ದು ತಿಳಿದಿದೆ, ನಮ್ಮ ನಡುವೆಯೂ ಯೆಹೂದ್ಯರಿದ್ದಾರೆ, ಆದರೆ ನಾವು ಭೇದ ಮಾಡುವುದಿಲ್ಲ, ಅದು ಸುವಾರ್ತೆಗೆ ವಿರುದ್ಧ, ಅವರನ್ನು ಒಯ್ಯಲು ಬಂದರೆ ಅಡಗಿಸಿಡುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಹುಡುಗ ಹುಡುಗಿಯರು, ಸರ್ಕಾರದ ಪ್ರತಿನಿಧಿಯ ಮುಖಕ್ಕೇ! ಕೆಲವೇ ವಾರಗಳಲ್ಲಿ ಪೊಲೀಸರು ಬಸ್ಸುಗಳ ಸಮೇತ ಬಂದು ಯೆಹೂದ್ಯರ ಪಟ್ಟಿ ಕೊಡಿ ಎಂದರು. ಯೆಹೂದ್ಯರು ಯಾರೋ ನನಗೆ ಗೊತ್ತಿಲ್ಲ, ಮನುಷ್ಯರು ಮಾತ್ರ ಗೊತ್ತು ಎಂಬುದು ತ್ರೋಕ್ಮೆಯವರ ಉತ್ತರವಾಗಿತ್ತು. ದಿನಗಟ್ಟಲೆ ಹುಡುಕಿದರೂ ಆ ಬಸ್ಸುಗಳು ಹೆಚ್ಚುಕಡಿಮೆ ಖಾಲಿಯೇ ಹಿಂತಿರುಗಿದವು.

1943ರ ಫೆಬ್ರವರಿಯಲ್ಲಿ ತ್ರೋಕ್ಮೆ, ತೇಸ್ ಮತ್ತು ಶಾಲಾಶಿಕ್ಷಕ ದಾರ್ಸಿಸಾಕ್ ಅವರನ್ನು ಬಂಧಿಸಲು ಪೊಲೀಸರು ಬಂದರು. ಅದು ಊಟದ ಹೊತ್ತು. ಗಂಡನ ಪೆಟ್ಟಿಗೆ ಕಟ್ಟುವುದರ ನಡುವೆ ಮಗ್ದಾ ಆ ಪೊಲೀಸರಿಗೂ ತಟ್ಟೆ ಹಾಕಿ ಕೂರಿಸಿದರು. ಗಂಡನನ್ನು ಸಾವಿಗೆ ಒಯ್ಯಬಹುದಾದವರಿಗೆ ಊಟ ಹೇಗೆ ಹಾಕಿದಿರಿ ಎಂದು ಆಮೇಲೆ ಕೇಳಿದವರಿಗೆ, ಊಟದ ಸಮಯವಾಗಿತ್ತು, ಎಲ್ಲರಿಗೂ ಹಸಿವಾಗಿತ್ತು, ಇದರಲ್ಲೇನು ವಿಶೇಷ ಎಂದರಂತೆ. ಸುದ್ದಿ ಹಬ್ಬಿ ಊರಿನವರು ಒಬ್ಬೊಬ್ಬರಾಗಿ ಬಂದು ಕೈಲಾದದ್ದನ್ನು ಕೊಟ್ಟರು. ಯಾರೋ ಒಂದು ಮೇಣದಬತ್ತಿ ತಂದರು, ಯಾರೋ ಅಪರೂಪದ ಮೀನಿನ ಡಬ್ಬಿ. ಶೌಚದ ಕಾಗದದ ಸುರುಳಿಯೊಂದೂ ಇತ್ತು. ಸೆರೆಮನೆಯಲ್ಲಿ ಬಿಚ್ಚಿ ನೋಡಿದರೆ ಅದರ ಮೇಲೆ ಪೆನ್ಸಿಲಿನಲ್ಲಿ ಧೈರ್ಯದ ವಚನಗಳು ಬರೆದಿದ್ದವು. ಹೊರಡುವಾಗ ಬೀದಿಯ ಎರಡೂ ಬದಿ ನಿಂತ ಜನ ಲೂಥರನ ಕೀರ್ತನೆ ಹಾಡಿದರು. ಶಿಬಿರದಲ್ಲಿ ಒಂದು ತಿಂಗಳು ಕಳೆದ ಮೇಲೆ, ಮಾರ್ಷಲನ ಆಜ್ಞೆಗಳಿಗೆ ವಿಧೇಯನಾಗಿರುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿದರೆ ಮನೆಗೆ ಹೋಗಬಹುದು ಎಂದರು. ಇಬ್ಬರು ಪಾಸ್ಟರುಗಳೂ ಸಹಿ ಹಾಕಲಿಲ್ಲ. ಮರುದಿನ ಹೇಗೋ ಬಿಡುಗಡೆಯ ಅಪ್ಪಣೆಯೇ ಬಂತು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಆಂದ್ರೆಯವರ ಸಂಬಂಧಿ ದಾನಿಯೆಲ್ ತ್ರೋಕ್ಮೆ ಎಂಬ ಮೂವತ್ತರ ಆಸುಪಾಸಿನ ಶಿಕ್ಷಕ ವಿದ್ಯಾರ್ಥಿಗಳ ವಸತಿಯೊಂದನ್ನು ನೋಡಿಕೊಳ್ಳುತ್ತಿದ್ದರು. 1943ರ ಜೂನ್ 29ರ ಬೆಳಿಗ್ಗೆ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಆ ವಸತಿಯನ್ನು ಮುತ್ತಿದಾಗ ಅವರು ಇನ್ನೊಂದು ಮನೆಯಲ್ಲಿದ್ದರು. ಪಕ್ಕದ ಕಾಡಿಗೆ ಜಾರಿಕೊಳ್ಳಬಹುದಿತ್ತು. ನನ್ನ ಹುಡುಗರ ಜೊತೆ ನಾನಿರಬೇಕು ಎಂದು ತಾವಾಗಿಯೇ ನಡೆದುಹೋದರು. 1944ರ ಏಪ್ರಿಲ್‌ನಲ್ಲಿ ಪೋಲೆಂಡಿನಲ್ಲಿದ್ದ ನಾಜಿಗಳ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. ಈ ಕೆಲಸಕ್ಕೆ ಬಂದದ್ದು ಸಾಹಸಕ್ಕಲ್ಲ, ನನ್ನ ಬಗ್ಗೆ ನನಗೆ ನಾಚಿಕೆಯಾಗಬಾರದೆಂದು ಎಂಬರ್ಥದಲ್ಲಿ ಅವರು ಹಿಂದೆಯೇ ತಂದೆತಾಯಿಗೆ ಬರೆದಿದ್ದರು. ಇದನ್ನು ಗುಂಪಿನಲ್ಲಿ ಹೇಳುವಾಗ ನನ್ನ ದನಿ ಇವತ್ತಿಗೂ ಗಟ್ಟಿಯಾಗಿ ಉಳಿಯುವುದಿಲ್ಲ.

ಈಗ ನಿಮ್ಮ ಮುಖ್ಯ ಸಂಶಯ, ಬಂದರೆ ನಿಲ್ಲುತ್ತೇನೋ ಓಡುತ್ತೇನೋ ಎಂಬುದು. ಆ ಊರಿನ ಬಗ್ಗೆ ಓದುತ್ತ ನನ್ನನ್ನು ಹೆಚ್ಚು ಹಿಡಿದದ್ದು ಬಂಧನ, ಪತ್ರ, ಬಸ್ಸುಗಳ ಪ್ರಸಂಗಕ್ಕಿಂತ ಸಾಮಾನ್ಯವಾದ ಒಂದು ಸಂಗತಿ. ತ್ರೋಕ್ಮೆಯವರು ಸಭೆಯ ಹದಿಮೂರು ಮಂದಿಯನ್ನು ಆರಿಸಿ, ಎರಡು ವಾರಕ್ಕೊಮ್ಮೆ ಅವರೊಡನೆ ಕೂತು ಸತ್ಯವೇದದ ಒಂದು ಭಾಗ ಓದುತ್ತಿದ್ದರು. ಆ ಹದಿಮೂರು ಮಂದಿ ತಂತಮ್ಮ ಕೇರಿಗೆ ಹೋಗಿ ಅದೇ ಭಾಗವನ್ನು ನೆರೆಹೊರೆಯವರ ಜೊತೆ ಓದುತ್ತಿದ್ದರು. ಬೆಟ್ಟದ ಮೇಲಿನ ಪ್ರಸಂಗ, ಒಳ್ಳೆಯ ಸಮಾರ್ಯದವನ ಸಾಮ್ಯ, ಇಂಥವೇ. ಅಪಾಯ ಬಂದಾಗ ಸುದ್ದಿ ಓಡಿದ್ದೂ, ಜನರನ್ನು ಸಾಗಿಸಿದ್ದೂ ಈ ಮನೆಮನೆಯ ಗುಂಪುಗಳ ದಾರಿಯಲ್ಲೇ. ಬಾಗಿಲು ತಟ್ಟಿದ ರಾತ್ರಿ ಅವರು ಹೊಸದಾಗಿ ಧೈರ್ಯ ಹುಡುಕಲಿಲ್ಲ. ದಿನವೂ ನಡೆದು ಸವೆದ ಕಾಲುದಾರಿಯಲ್ಲಿ ಕತ್ತಲಲ್ಲೂ ಕಾಲು ತಾನಾಗಿ ಹೋಗುವಂತೆ ಅವರ ಕೈ ಚಿಲಕಕ್ಕೆ ಹೋಯಿತು. ಹಾಗಾಗಿ ಮುಂದೆಂದೋ ಬರುವ ಪರೀಕ್ಷೆಯನ್ನು ನೆನೆದು ಕೊರಗಬೇಡಿ. ಈಗ ಕಣ್ಣೆದುರಿಗಿರುವ ವಿಧೇಯತೆಯನ್ನು ಮಾಡಿ.

ಸಂದರ್ಭವೇ ಬಂದಿಲ್ಲ ಎಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ಜಾತಿ ಕೇಳಿ ಬಾಡಿಗೆ ಮನೆ ನಿರಾಕರಿಸುವ ಬೀದಿ ನಮ್ಮ ಊರುಗಳಲ್ಲಿ ಎಲ್ಲಿಲ್ಲ? ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಮದುವೆ ಮಾತು ಬಂದಾಗ ಮೂಲ ಯಾವುದು ಎಂದು ವಿಚಾರಿಸುವವರು ನಮ್ಮ ಸಭೆಗಳ ಒಳಗೇ ಇದ್ದಾರೆ. ಅಂಥ ಮಾತು ಬಂದಾಗ ಹಿರಿಯರ ಎದುರು, ಇದು ಸುವಾರ್ತೆಗೆ ವಿರುದ್ಧ ಎಂದು ಎದ್ದು ಹೇಳಲು ಎದೆ ಬೇಕು. ಸುಳ್ಳು ಬಿಲ್ಲಿಗೆ ಸಹಿ ಹಾಕಲ್ಲ ಎನ್ನಲೂ ಬೇಕು. 2020ರ ಲಾಕ್‌ಡೌನಿನಲ್ಲಿ, ಕೂಲಿ ನಿಂತು ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದ ಜಾರ್ಖಂಡದ ಕುಟುಂಬವೊಂದನ್ನು ನಮ್ಮ ಸಭೆಯ ಒಬ್ಬ ವಿಧವೆ ತಾಯಿ ತಮ್ಮ ಒಂದೂವರೆ ಕೋಣೆಯ ಮನೆಗೆ ಕರೆದುಕೊಂಡರು. ಅಕ್ಕಪಕ್ಕದವರು ಸೋಂಕಿಗೆ ಹೆದರಿ ಜಗಳಕ್ಕೇ ನಿಂತರು. ಮಕ್ಕಳು ಹಸಿದಿದ್ದವು, ಇನ್ನೇನು ಮಾಡಲಿ ಎಂದರು ಆ ತಾಯಿ. ಮಗ್ದಾ ಎಂಬ ಹೆಸರನ್ನು ಅವರು ಕೇಳಿದವರೇ ಅಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ರಿಯೆ ಮಾಡಿ ರಕ್ಷಣೆ ಗಳಿಸಿಕೊಳ್ಳುವ ಲೆಕ್ಕಕ್ಕೆ ಇಳಿಯಬೇಡಿ. ರಕ್ಷಣೆ ಕೃಪೆಯಿಂದಲೇ. ಹೆದರಿಕೆಯಾಗುವುದು ಅವಿಶ್ವಾಸದ ಗುರುತೂ ಅಲ್ಲ. ಗೆತ್ಸೆಮನೆಯಲ್ಲಿ ಕರ್ತನೇ ಬೆವರಿದ. ಪ್ರತಿಯೊಂದು ತೀರ್ಮಾನವೂ ನಿಚ್ಚಳವಾಗಿರುತ್ತದೆ ಎಂದೂ ತಿಳಿಯಬೇಡಿ. ಬಿಡುಗಡೆಯಾದ ಮೇಲೆ ಸುಳ್ಳು ಹೆಸರಿನ ಚೀಟಿ ಇಟ್ಟುಕೊಂಡು ತಲೆಮರೆಸಿಕೊಂಡಿದ್ದ ಕಾಲದಲ್ಲಿ, ಸುಳ್ಳು ಹೇಳಬಹುದೇ ಎಂಬ ಪ್ರಶ್ನೆ ತ್ರೋಕ್ಮೆಯವರನ್ನು ಬಹಳ ಹಿಂಸಿಸಿತು. ಜನರನ್ನು ಉಳಿಸಲು ಕೊಟ್ಟ ಸುಳ್ಳು ಚೀಟಿ ಸರಿ ಎಂದೇ ನನ್ನ ಅಭಿಪ್ರಾಯ. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಮನೆಗೆ ಸೇರಿಸಿಕೊಂಡು ಬೇರೆ ದಾರಿಯಿಂದ ಕಳಿಸಿಕೊಟ್ಟದ್ದನ್ನು ಯಾಕೋಬನು ಅದೇ ಎರಡನೇ ಅಧ್ಯಾಯದಲ್ಲಿ ನಂಬಿಕೆಯ ಕ್ರಿಯೆ ಎಂದು ಹೆಸರಿಸಿದ್ದಾನೆ.

ಎಲ್ಲಿಂದ ಶುರುಮಾಡಲಿ ಎಂದರೆ, ನಿಮ್ಮ ಸಭೆಯಲ್ಲಿ ಒಬ್ಬರನ್ನೋ ಇಬ್ಬರನ್ನೋ ಜೊತೆ ಮಾಡಿಕೊಳ್ಳಿ. ಮತ್ತಾಯನ ಐದನೇ ಅಧ್ಯಾಯದಿಂದ ಏಳರವರೆಗೆ ಸ್ವಲ್ಪ ಸ್ವಲ್ಪವೇ ಓದಿ. ಓದಿದ ಮೇಲೆ, ಇದನ್ನು ನಮ್ಮ ಬೀದಿಯಲ್ಲಿ ಯಾರಿಗೆ ಮಾಡಬೇಕು ಎಂದು ಕೇಳಿಕೊಂಡು ಆ ಮನುಷ್ಯನ ಹೆಸರು ಬರೆದಿಡಿ. ಎರಡು ವಾರ ಬಿಟ್ಟು ಮತ್ತೆ ಸೇರಿದಾಗ, ಹೋದ ಸಲ ಒಪ್ಪಿಕೊಂಡದ್ದು ಆಯಿತೇ ಎಂದು ಮೊದಲು ಕೇಳಿ. ಆಗಿದ್ದರೆ ಮಾತ್ರ ಮುಂದಿನ ಭಾಗ ತೆರೆಯಿರಿ.