ಹಳೆಯ ಸ್ಪಿನ್ ಡ್ರೈಯರ್ ನೀರನ್ನು ಅಡುಗೆಮನೆ ಸಿಂಕಿಗೆ ಏರಿಸಲು ಯಾವ ಪಂಪ್ ತಗೊಳ್ಳಲಿ?

ಪಂಪ್ ತಗೊಳ್ಳಬೇಡಿ. ಮೆಷಿನ್ನನ್ನೇ ಎತ್ತಿಡಿ.

ಹಿಂದಿನ ಜಗಲಿ, ಬುಡದಿಂದ ನೀರು ಬಿಡುವ ಹಳೆಯ ಡ್ರೈಯರ್, ಮೂತಿಯ ಕೆಳಗೆ ತುರುಕಿದ ಬೇಸಿನ್, ಅದು ತುಂಬಿ ಜಗಲಿಯೆಲ್ಲ ಕೆರೆ. ನೀವು ಬರೆದಿರುವುದು ನಮ್ಮ ಮನೆಯದೇ ಕಥೆ. ನಾನಿರುವುದು ಕೊಡಗಿನ ನಾಪೋಕ್ಲು ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ಬಟ್ಟೆ ಒಣಗಬೇಕು, ಹಾಗಾಗಿ ಡ್ರೈಯರ್ ಇಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳ ಯೂನಿಫಾರ್ಮ್‌ಗೆ ಹೊಗೆ ವಾಸನೆ ತಪ್ಪಿದ್ದಲ್ಲ. ಬೇಸಿನ್ ಖಾಲಿ ಮಾಡಿ ಮಾಡಿ ಬೇಜಾರಾಗಿ ನಾನು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಸಿಂಕಿನ ಮಾತೆತ್ತಿದ್ದೀರಿ, ಅಂದರೆ ಅದೇ ದಾರಿಯಲ್ಲಿದ್ದೀರಿ.

ಮೂತಿಗೆ ಉದ್ದದ ಪೈಪ್ ಸಿಕ್ಕಿಸಿ, ಬಾಗಿಲ ಹೊಸ್ತಿಲು ದಾಟಿಸಿ ಹಿತ್ತಲಿಗೆ ಬಿಟ್ಟೆ. ಮೂತಿ ನೆಲದಿಂದ 3 ಇಂಚು ಮೇಲೆ, ಹೊಸ್ತಿಲು 5 ಇಂಚು. ಬರೀ 2 ಇಂಚಿನ ಏರು, ಅದರಾಚೆ ಹಿತ್ತಲು ನಾಲ್ಕಡಿ ಕೆಳಗೆ. ಪೆಟ್ರೋಲ್ ಟ್ಯಾಂಕಿನಿಂದ ಪೈಪಿನಲ್ಲಿ ಎಳೆದ ಹಾಗೆ ಆಚೆಯ ಇಳಿಜಾರು ನೀರನ್ನು ತಾನೇ ಎಳೆದುಕೊಳ್ಳುತ್ತದೆ ಎಂದು ನನ್ನ ಲೆಕ್ಕ. ಆ ಲೆಕ್ಕ ತಪ್ಪಿದ್ದು ಇಲ್ಲಿ: ಹಾಗೆ ಎಳೆಯಬೇಕಾದರೆ ಪೈಪ್ ಪೂರ್ತಿ ನೀರಿನಿಂದ ತುಂಬಿರಬೇಕು, ನಡುವೆ ಗಾಳಿ ಇರಕೂಡದು. ಡ್ರೈಯರ್ ಕಳಿಸುವುದು ನೀರು, ಗಾಳಿ, ನೊರೆ ಮೂರನ್ನೂ ಕಲಸಿ. ಪೈಪ್ ಎಂದೂ ತುಂಬುವುದಿಲ್ಲ, ಎಳೆತ ಹುಟ್ಟುವುದೂ ಇಲ್ಲ. ಹೊಸ್ತಿಲ ಮಟ್ಟಕ್ಕಿಂತ ಮೇಲೆ ಬಂದ ನೀರಷ್ಟೇ ಆಚೆ ಬೀಳುತ್ತದೆ. ಉಳಿದದ್ದು ಹಿಂದಕ್ಕೆ, ಡ್ರಮ್ಮಿನ ಸುತ್ತಲಿನ ಹೊರತೊಟ್ಟಿಯಲ್ಲಿ, ಅದೇ 2 ಇಂಚು ಎತ್ತರಕ್ಕೆ ನಿಂತುಬಿಡುತ್ತದೆ.

2 ಇಂಚು ತಾನೇ ಅನ್ನಬೇಡಿ. ತಿರುಗುವ ಡ್ರಮ್ಮಿನ ತಳಕ್ಕೂ ಹೊರತೊಟ್ಟಿಯ ತಳಕ್ಕೂ ನಡುವೆ ಇರುವ ಸಂದು ಸುಮಾರು 1 ಇಂಚು. ಅಂದರೆ ನಿಮಿಷಕ್ಕೆ 1,300 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಡ್ರಮ್ಮಿನ ತಳ ನೀರಿನಲ್ಲಿ ಮುಳುಗಿಕೊಂಡೇ ತಿರುಗುತ್ತಿತ್ತು. ಮಜ್ಜಿಗೆ ಕಡೆದ ಹಾಗೆ ಸೋಪಿನ ನೀರು ನೊರೆಯಾಯಿತು, ನೊರೆ ಡ್ರಮ್ಮನ್ನು ಹಿಡಿದು ನಿಲ್ಲಿಸುವಷ್ಟಾಯಿತು, ಬಟ್ಟೆ ಒಣಗುವ ಬದಲು ಪುನಃ ಒದ್ದೆ. ನಾನು ಮೋಟರ್ ಸೊರಗಿದೆ ಎಂದುಕೊಂಡು ಇನ್ನೂ 5 ನಿಮಿಷ ಹೆಚ್ಚು ತಿರುಗಿಸಿದೆ! ರಾತ್ರಿಯೆಲ್ಲ ನಿಂತ ನೀರು ಶಾಫ್ಟಿನ ಸುತ್ತಲಿನ ರಬ್ಬರ್ ಸೀಲನ್ನು ತಿಂದಿತು. ಸೀಲಿನ ನೇರ ಕೆಳಗೇ ಮೋಟರ್. ಮೊದಲು ಶಾಫ್ಟನ್ನು ಹಿಡಿದಿರುವ ಬುಷ್ ತುಕ್ಕು ಹಿಡಿದು ಕಿರುಗುಟ್ಟಿತು, ಸೆಪ್ಟೆಂಬರ್ ಮೊದಲಲ್ಲಿ ಬರುವ ನಮ್ಮ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕಾಯಿಲ್ ಸುಟ್ಟಿತು. ರಿವೈಂಡಿಂಗಿಗೆ ಕೊಟ್ಟ ದುಡ್ಡಿನಲ್ಲಿ ಜಗಲಿಗೆ ಹೊಸ ಕಟ್ಟೆಯನ್ನೇ ಕಟ್ಟಿಸಬಹುದಿತ್ತು.

ಈಗ ನಿಮ್ಮ ಕೆಲಸ. 6 ಇಂಚಿನ ಸಾಲಿಡ್ ಬ್ಲಾಕ್ 4 ತನ್ನಿ, ಗಾರೆ ಹಾಕಿ ಕೂರಿಸಿ, ಮೇಲೆ ಕಡಪಾ ಕಲ್ಲು, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್. ಗಾರೆಯಿಲ್ಲದೆ ಬರೀ ಬ್ಲಾಕ್ ಇಟ್ಟರೆ ಡ್ರೈಯರ್ ನಡುಗಿ ನಡುಗಿ ಒಂದು ದಿನ ಕೆಳಗೆ ಬೀಳುತ್ತದೆ. ಕಟ್ಟೆ ಮಟ್ಟಸವಾಗಿರಲಿ, ಬೇಕಾದರೆ ಮೂತಿಯ ಕಡೆಗೆ ಕೂದಲೆಳೆಯಷ್ಟು ತಗ್ಗು. ಈಗ ಮೂತಿ ನೆಲದಿಂದ 9-10 ಇಂಚು ಮೇಲಿರುತ್ತದೆ. ಪೈಪನ್ನು ಹೊಸ್ತಿಲು ಹತ್ತಿಸಬೇಡಿ, ನೆಲಮಟ್ಟದಲ್ಲಿ ಗೋಡೆಗೆ ತೂತು ಹೊಡೆದು 2 ಇಂಚಿನ ಪಿವಿಸಿ ಹಾಕಿ. ಪ್ರತಿ ಮೀಟರಿಗೆ ಕನಿಷ್ಠ 2 ಸೆಂಟಿಮೀಟರ್ ಇಳಿಜಾರು. ಮೂತಿಯ ರಬ್ಬರ್ ಪೈಪಿಗೆ ಕ್ಲಾಂಪ್ ಬಿಗಿಯಿರಿ, ಆದರೆ ಅದರ ಇನ್ನೊಂದು ತುದಿಯನ್ನು ಪಿವಿಸಿಯೊಳಗೆ ಸಡಿಲವಾಗಿ ಇಳಿಬಿಡಿ, ಸುತ್ತ ಗಾಳಿ ಆಡಬೇಕು. ಅಲ್ಲಿ ಟೇಪ್ ಸುತ್ತಿ ಸೀಲ್ ಮಾಡಿದರೆ ಆಚೆ ಪೈಪ್ ಕಟ್ಟಿಕೊಂಡ ದಿನ ಕೊಳಕು ನೀರು ಸೀದಾ ಡ್ರಮ್ಮಿಗೇ ಬರುತ್ತದೆ. ಹೊರತುದಿಗೆ ಅಗಲ ಕಣ್ಣಿನ ಜಾಲರಿ ಕಟ್ಟಿ. ಇಲ್ಲದಿದ್ದರೆ ಇಲಿ ಒಳಗೆ ಹೋಗಿ ವೈರ್ ಕಡಿಯುತ್ತದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದು ಬೇಡ, ನೂಲಿನ ಕಸಕ್ಕೆ ವಾರದಲ್ಲೇ ಕಟ್ಟಿಕೊಳ್ಳುತ್ತದೆ.

ಕೊಡಗಿನಲ್ಲಿ ಮನೆಯ ಹಿಂದೆ ಇಳಿಜಾರಿಲ್ಲ ಎನ್ನುವವರು ಕಡಿಮೆ, ಅದನ್ನು ಬಿಟ್ಟು ನೀರನ್ನು ಮೇಲಕ್ಕೆ ಏರಿಸುವ ಯೋಚನೆ ಯಾಕೆ? ಇಂಗುಗುಂಡಿಯನ್ನು ಮಾತ್ರ ನಂಬಬೇಡಿ, ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜೋರು ಮಳೆಯ ತಿಂಗಳಲ್ಲಿ, ಅದು ಮಳೆನೀರಿಗೇ ತುಂಬಿರುತ್ತದೆ. ಬಾಳೆ ಬುಡಕ್ಕೆ ಬಿಡಬಹುದು. ಕರಿಮೆಣಸಿನ ಬಳ್ಳಿಯ ಬುಡಕ್ಕೆ ಖಂಡಿತ ಬೇಡ, ಮಳೆಗಾಲದಲ್ಲಿ ಅಲ್ಲಿ ನೀರು ನಿಂತರೆ ಸೊರಗು ರೋಗವನ್ನು ಕರೆದು ಕೂರಿಸಿದ ಹಾಗೆ.

ಕಟ್ಟೆ ಕಟ್ಟುವ ಮುಂಚೆ ಈಗ ಒಳಗೆ ನಿಂತಿರುವ ನೀರನ್ನು ತೆಗೆಯಿರಿ. ಕರೆಂಟಿನ ಪ್ಲಗ್ ಕಿತ್ತು, ಇಬ್ಬರು ಹಿಡಿದು, ಮೂತಿಯ ಕಡೆಗೇ ನಿಧಾನವಾಗಿ ವಾಲಿಸಿ. ಬೇರೆ ಕಡೆಗೆ ವಾಲಿಸಿದರೆ ನೀರು ಮೋಟರ್ ಮೇಲೆ ಇಳಿಯಬಹುದು. ಆಮೇಲೆ ಖಾಲಿ ಡ್ರಮ್ಮಿಗೆ 1 ಲೀಟರ್ ನೀರು ಸುರಿದು ನೋಡಿ, ಅರ್ಧ ನಿಮಿಷದೊಳಗೆ ಪೂರ್ತಿ ಹೊರಬರಬೇಕು. ತೊಟ್ಟಿಕ್ಕುತ್ತಿದ್ದರೆ ಕಟ್ಟಿಕೊಂಡಿದೆ ಎಂದರ್ಥ: ನೂಲು, ಸೋಪಿನ ಜಿಡ್ಡು, ಕೆಲವೊಮ್ಮೆ ಡ್ರಮ್ಮಿನ ಅಂಚಿನಿಂದ ಜಾರಿದ ಮಗುವಿನ ಕಾಲುಚೀಲ. ಪೈಪ್ ಕಳಚಿ ಬೇರೆಯಾಗಿ ತೊಳೆಯಿರಿ. ಮೂತಿಯೊಳಗೆ ಕೈ ಸುಡದಷ್ಟು ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಕಲಸಿ ಹೊಯ್ದು, ಕಾಲು ಗಂಟೆ ಬಿಟ್ಟು ಬಸಿಯಿರಿ. ಕಬ್ಬಿಣದ ಸರಳು ತೂರಿಸಬೇಡಿ, ರಬ್ಬರ್ ಸೀಲ್ ತೂತಾದರೆ ಮತ್ತೆ ನನ್ನದೇ ಗತಿ.

ಬೇಸಿನ್ ತುಂಬಿ ಹರಿಯುವುದಕ್ಕೆ ಅರ್ಧ ಕಾರಣ ನೀವು ಹಿಂಡದೆ ತುಂಬುವುದು. ತೊಟ್ಟಿಕ್ಕುವ 3 ಕೆಜಿ ಹತ್ತಿ ಬಟ್ಟೆಯಿಂದ 4-5 ಲೀಟರ್ ನೀರು ಬಂದರೂ ಆಶ್ಚರ್ಯವಿಲ್ಲ, ಅದೂ ಬಹುಪಾಲು ಮೊದಲ ಅರ್ಧ ನಿಮಿಷದಲ್ಲಿ. ಬಕೆಟ್ ಮೇಲೆ ಬಟ್ಟೆಯನ್ನು 5 ನಿಮಿಷ ಇಳಿಬಿಟ್ಟು ಆಮೇಲೆ ಹಾಕಿ. ಸುತ್ತಲೂ ಸಮನಾಗಿ ಒತ್ತಿ, ಒಳಮುಚ್ಚಳ ಇಡಿ. 1 ನಿಮಿಷ ತಿರುಗಿಸಿ ನಿಲ್ಲಿಸಿ, ನೀರು ಇಳಿಯಲಿ, ನಂತರ 3 ನಿಮಿಷ. ನಿಲ್ಲುವ ಮುಂಚೆ ಕೈ ಹಾಕಬೇಡಿ, ಹಳೆಯವುಗಳಲ್ಲಿ ಬ್ರೇಕ್ ಸವೆದಿರುತ್ತದೆ. ವೋಲ್ಟೇಜ್ ಕಡಿಮೆಯಿದ್ದ ಸಂಜೆ ಡ್ರಮ್ ಏಳದೆ ಬರೀ ಗುಂಯ್ ಅಂದರೆ ತಕ್ಷಣ ಆಫ್ ಮಾಡಿ. ಎಕ್ಸ್‌ಟೆನ್ಶನ್ ಬಾಕ್ಸ್ ಒದ್ದೆ ನೆಲದ ಮೇಲೆ ಇರಕೂಡದು. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಗೋಡೆಗೇ ಇರಲಿ, ಲೈನಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಇನ್ನೂ ನೆಮ್ಮದಿ.

ಕುಶಾಲನಗರದ ಬಾಡಿಗೆ ಮನೆಯ ಮಹಡಿಯಲ್ಲಿದ್ದು ಗೋಡೆ ಒಡೆಯಲು ಮಾಲೀಕರು ಬಿಡುವುದಿಲ್ಲ ಎಂದರೆ ಮಾತ್ರ ಪಂಪ್. ಆಗಲೂ ಅದನ್ನು ಮೂತಿಗೆ ನೇರ ಜೋಡಿಸಬೇಡಿ. ಮೂತಿಗಿಂತ ಕೆಳಗಿರುವ ಬಕೆಟಿಗೆ ನೀರು ಬೀಳಲಿ, ಪಂಪ್ ಆ ಬಕೆಟಿನಿಂದ ಎತ್ತಲಿ. ಮೆಷಿನ್ ಎತ್ತಿಡುವ ಕೆಲಸ ಆಗಲೂ ತಪ್ಪುವುದಿಲ್ಲ ನೋಡಿ, ಬಕೆಟಿಗೆ ಜಾಗ ಬೇಕಲ್ಲ.