ಮಾಸ್ಕೋ ಸೈನ್ಯಕ್ಕೆ ಬಯಲು ಬೇಡ, ಗೋಡೆ ಕೊಡಿ

ನಿಮ್ಮ ಪ್ರಶ್ನೆ ಓದಿದೆ ಸರ್, ಫೋಟೋಗಳನ್ನೂ ನೋಡಿದೆ. ಟೇಬಲ್ ಮೇಲೆ ಆಡುವ ಯುದ್ಧದ ಆಟಕ್ಕೆ 15 ಮಿ.ಮೀ. ಅಳತೆಯ ಗೊಂಬೆಗಳ ಮಾಸ್ಕೋ (ಹಳೇ ರಷ್ಯಾ) ಸೈನ್ಯ, ಒಟ್ಟೋಮನ್ (ತುರ್ಕಿ) ಸೈನ್ಯ ಎರಡೂ ಪೇಂಟ್ ಆಗಿ ರೆಡಿ ಇವೆ. ಎದುರುಬದುರು ಸಾಲಾಗಿ ನಿಲ್ಲಿಸಿ ಆಡಿದರೆ ಮಾಸ್ಕೋ ಕಡೆಯವರು ಪ್ರತಿ ಸಲ ಬೇಗನೆ ಓಡಿಹೋಗುತ್ತಾರೆ, ಅದಕ್ಕೆ ಸ್ಟ್ರೆಲ್ಟ್ಸಿ ಬಂದೂಕುಗಾರರಿಗೆ ಒಂದು ಪಾಯಿಂಟ್ ಜಾಸ್ತಿ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ರೂಲ್ಸ್ ಸರಿಯಾಗಿಯೇ ಇದೆ. ಸರಿ ಇಲ್ಲದ್ದು ಟೇಬಲ್.

ನಿಮ್ಮ ಟೇಬಲ್ ಮೇಲೆ ಎರಡು ಮರ, ಒಂದು ಗುಡ್ಡ ಬಿಟ್ಟರೆ ಪೂರ್ತಿ ಬಯಲು. ಇಂಥ ಬಯಲಿನಲ್ಲಿ ಬರೀ ಮೈಯಲ್ಲಿ ನಿಂತು ತುರ್ಕಿ ಕುದುರೆ ಸವಾರರನ್ನೋ ತಾತಾರರನ್ನೋ ಎದುರಿಸುವ ಹುಚ್ಚು ಸಾಹಸಕ್ಕೆ ಮಾಸ್ಕೋ ಸೇನಾಪತಿಗಳು ಆದಷ್ಟೂ ಕೈ ಹಾಕುತ್ತಿರಲಿಲ್ಲ. ಅವರ ಜೊತೆ ಯಾವಾಗಲೂ ಏನಾದರೊಂದು ಆಸರೆ ಇರುತ್ತಿತ್ತು. ಗಾಡಿ ಸಾಲು, ಹಲಗೆಯ ಗೋಡೆ, ಚೂಪು ಮೊಳೆಗಳ ಅಡ್ಡಗಟ್ಟೆ, ಇಲ್ಲವೇ ನದಿ. ಅದನ್ನು ತೆಗೆದು ಆಡಿಸಿದರೆ ಅರ್ಧ ಸೈನ್ಯವನ್ನು ಡಬ್ಬದಲ್ಲೇ ಬಿಟ್ಟು ಬಂದಹಾಗೆ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮ್ಮದು ಯಾವ ಶತಮಾನದ ಸೈನ್ಯ? ಫೋಟೋದಲ್ಲಿ ಹತ್ತಿ ತುಂಬಿದ ದಪ್ಪ ಅಂಗಿ, ಬಿಲ್ಲು, ಎತ್ತರದ ಜೀನಿನ ಸವಾರರು ಕಾಣುತ್ತಿದ್ದಾರೆ. ಇವರು ಮಾಸ್ಕೋ ದೊರೆ ನಾಲ್ಕನೇ ಇವಾನನ ಕಾಲಕ್ಕೆ ಸರಿಹೊಂದುತ್ತಾರೆ, ಅಂದರೆ 1550ರಿಂದ 1580ರವರೆಗೆ. ಪಕ್ಕದಲ್ಲೇ ಉದ್ದ ಈಟಿ ಹಿಡಿದ ಯೂರೋಪ್ ಶೈಲಿಯ ಕಾಲಾಳುಗಳೂ ಇದ್ದಾರೆ. ಆ ತರಬೇತಿಯ ರೆಜಿಮೆಂಟುಗಳು ಶುರುವಾಗಿದ್ದೇ 1630ರ ದಶಕದಲ್ಲಿ. ಎರಡನ್ನೂ ಒಂದೇ ಆಟಕ್ಕೆ ಇಳಿಸಬೇಡಿ. ಸ್ಟ್ರೆಲ್ಟ್ಸಿಗಳು ಮಾತ್ರ ಎರಡು ಕಾಲಕ್ಕೂ ನಡೆಯುತ್ತಾರೆ. ಹಾಗಾಗಿ ನಿಮ್ಮ ಹತ್ತಿರ ನಿಜವಾಗಿ ಎರಡು ಆಟ ಇವೆ.

ಮೊದಲನೆಯದು ಮಾಸ್ಕೋ ಹತ್ತಿರದ ಮೊಲೊದಿ ಊರಿನ ಯುದ್ಧ, 1572. ಇದನ್ನೇ ಮೊದಲು ಆಡಿ. ಎದುರಾಳಿ ನೇರವಾಗಿ ಸುಲ್ತಾನನಲ್ಲ, ಅವನ ಅಧೀನದ ಕ್ರಿಮಿಯಾದ ತಾತಾರರ ಖಾನ ದೆವ್ಲೆತ್ ಗಿರಾಯ್. ಹಿಂದಿನ ವರ್ಷವಷ್ಟೇ, 1571ರಲ್ಲಿ, ಮಾಸ್ಕೋ ನಗರವನ್ನೇ ಸುಟ್ಟುಹಾಕಿದ್ದ. ಈ ಸಲ ಉಳಿದದ್ದನ್ನೂ ಮುಗಿಸಲು ಬಂದ. ಜುಲೈ ಕೊನೆಯಲ್ಲಿ ಓಕಾ ನದಿ ದಾಟಿ ಉತ್ತರಕ್ಕೆ ಹೊರಟ. ಮಾಸ್ಕೋ ಸೈನ್ಯ ಅವನ ದಾರಿಗೆ ಅಡ್ಡ ನಿಲ್ಲಲಿಲ್ಲ, ಬೆನ್ನು ಹತ್ತಿತು. ದ್ಮಿತ್ರಿ ಖ್ವೊರೊಸ್ತಿನಿನ್ ಎಂಬ ಸೇನಾಪತಿ ಕುದುರೆ ಪಡೆ ತಂದು ಖಾನನ ಹಿಂದಿನ ದಂಡಿನ ಮೇಲೆ ಬಿದ್ದ. ರೇಗಿದ ಖಾನ ದೊಡ್ಡ ಪಡೆಯನ್ನು ವಾಪಸ್ ಕಳಿಸಿದ. ಖ್ವೊರೊಸ್ತಿನಿನ್ ಸೋತು ಓಡುವವನ ಹಾಗೆ ಓಡಿದ. ಅಟ್ಟಿಸಿಕೊಂಡು ಬಂದವರು ನೇರ ಹೋಗಿ ಸಿಕ್ಕಿಬಿದ್ದದ್ದು ದೊಡ್ಡ ಸೇನಾಪತಿ ಮಿಖಾಯಿಲ್ ವೊರೊತಿನ್ಸ್ಕಿ ಗುಡ್ಡದ ಮೇಲೆ ನಿಲ್ಲಿಸಿದ್ದ ಹಲಗೆ ಕೋಟೆಯ ಬಂದೂಕುಗಳ ಬಾಯಿಗೆ.

ಆ ಹಲಗೆ ಕೋಟೆಯೇ ಗುಲಾಯ್-ಗೊರೊದ್. ದಪ್ಪ ಹಲಗೆಯ ತುಂಡುಗಳು, ಗಾಡಿ ಮೇಲೆ ಸಾಗಿಸುತ್ತಾರೆ, ಬೇಕಾದಲ್ಲಿ ಇಳಿಸಿ ಜೋಡಿಸುತ್ತಾರೆ. ಮಧ್ಯೆ ಬಂದೂಕಿಗೆ ಕಿಂಡಿ. ನಿಮ್ಮ ಹತ್ತಿರ ಇದೊಂದು ಇಲ್ಲ ನೋಡಿ. ಕೊಳ್ಳುವ ಅಗತ್ಯ ಇಲ್ಲ, ಮನೆಯಲ್ಲೇ ಮಾಡಿ. ಐಸ್‌ಕ್ಯಾಂಡಿ ಕಡ್ಡಿಯನ್ನು 40 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಬೇಸ್ (ಗೊಂಬೆಗಳನ್ನು ಅಂಟಿಸಿದ ತಟ್ಟೆ) ಅಗಲವೂ 40 ಇರುವುದರಿಂದ ಸರಿಯಾಗಿ ಕೂರುತ್ತೆ. ಎರಡು ತುಂಡನ್ನು ಒಂದರ ಮೇಲೊಂದು ಇಟ್ಟರೆ ಸುಮಾರು 20 ಮಿ.ಮೀ. ಎತ್ತರ, ಗೊಂಬೆಯ ಟೋಪಿ ಮುಚ್ಚುವಷ್ಟು. ಅಂಟಿಸುವ ಮೊದಲೇ ಎರಡೂ ತುಂಡು ಸೇರುವ ಅಂಚಿನಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿಕೊಳ್ಳಿ, ಅದೇ ಕಿಂಡಿ. ಅಂಟಿಸಿದ ಮೇಲೆ ಕೊರೆಯಲು ಹೋದರೆ ಕಡ್ಡಿ ಸೀಳುತ್ತೆ. ಹಿಂದುಗಡೆ ಮದ್ದು ತೆಗೆದ ಎರಡು ಬೆಂಕಿಕಡ್ಡಿ ನಿಲ್ಲಿಸಿ ಫೆವಿಕಾಲ್ ಹಾಕಿ. ಬಣ್ಣಕ್ಕೆ ಪೇಂಟ್ ಬೇಡ, ಗಟ್ಟಿ ಟೀ ಡಿಕಾಕ್ಷನ್ ಎರಡು ಸಲ ಬಳಿದರೆ ಹಳೇ ಮರದ ಬಣ್ಣ ತಾನಾಗಿ ಬರುತ್ತೆ. ಒಣಗಿದ ಮೇಲೆ ಬೂದು ಬಣ್ಣವನ್ನು ಒಣ ಬ್ರಷ್‌ನಲ್ಲಿ ಮೇಲಿಂದ ಮೇಲೆ ಸವರಿ. ಇಂಥ ಹತ್ತು ತುಂಡು ಸಾಕು. ಎರಡು ತುಂಡಿಗೆ ಅಂಗಿಯ ಹಳೇ ಗುಂಡಿಯಿಂದ ಚಕ್ರ ಅಂಟಿಸಿದರೆ ಸಾಗುತ್ತಿರುವ ಗೋಡೆಯನ್ನೂ ತೋರಿಸಬಹುದು.

ಈಗ ಲೆಕ್ಕ. ಆ ದಂಡಯಾತ್ರೆಯ ಮಾಸ್ಕೋ ಪಟ್ಟಿ ಉಳಿದುಕೊಂಡಿದೆ, ಒಟ್ಟು 20,034 ಜನ. ಗಡಿ ಬಯಲಿನ ಯೋಧರಾದ ಕೊಸಾಕರು ಬೇರೆ. ಒಂದು ಬೇಸಿಗೆ ಸಾವಿರ ಜನ ಅಂದುಕೊಳ್ಳಿ, 20 ಬೇಸ್ ಆಯಿತು. ಅದರಲ್ಲಿ ಸ್ಟ್ರೆಲ್ಟ್ಸಿ ಎರಡೇ ಬೇಸ್! ಹೌದು, ಎರಡೇ. ನೀವು ಎಂಟು ಇಟ್ಟಿದ್ದೀರಿ. ಎಲ್ಲರೂ ಹಾಗೇ ಮಾಡುತ್ತಾರೆ, ಬಣ್ಣದ ನಿಲುವಂಗಿ, ಕೈಯಲ್ಲಿ ಬರ್ದಿಶ್ ಕೊಡಲಿ, ಚಂದ ಕಾಣುತ್ತೆ ಅಲ್ವಾ. ಆದರೆ ಆ ಸೈನ್ಯದ ಮೈ ಅಂದರೆ ಜಮೀನು ಪಡೆದು ಸೇವೆ ಮಾಡುವ ಕುದುರೆ ಸವಾರರು. ಅವರನ್ನೇ ಹೆಚ್ಚು ಇಡಿ. ಕೊಸಾಕರಿಗೆ ಮೂರು ಬೇಸ್ ಮೇಲೆ ಸೇರಿಸಿ. ಜರ್ಮನ್ ಕೂಲಿ ಸೈನಿಕರು ಕೆಲವು ನೂರು ಇದ್ದರು, ಒಂದು ಸಣ್ಣ ಬೇಸ್ ಸಾಕು.

ಖಾನನ ಕಡೆ ಲೆಕ್ಕ ಗಲಾಟೆಯದು. ಹಳೆಯ ಬರಹಗಳು 1,20,000 ಅನ್ನುತ್ತವೆ. ಈಗಿನವರಲ್ಲಿ ಹಲವರು 40ರಿಂದ 60 ಸಾವಿರಕ್ಕೆ ಇಳಿಸಿದ್ದಾರೆ. ಆಟಕ್ಕೆ 40 ಬೇಸ್ ಒಳ್ಳೆಯದು, ಹೆಚ್ಚುಕಡಿಮೆ ಎರಡಕ್ಕೊಂದು. ಬಹುಪಾಲು ತಾತಾರ, ನೊಗಾಯ್ ಬಿಲ್ಲು ಸವಾರರು. ಸುಲ್ತಾನ ಕಳಿಸಿದ ಜಾನಿಸರಿಗಳೂ (ಅವನ ಖಾಸಾ ಕಾಲಾಳುಗಳು) ಜೊತೆಗಿದ್ದರು ಅಂತ ಹೇಳುವವರಿದ್ದಾರೆ. ಒಂದು ಬೇಸ್ ಇಡಿ, ಅದಕ್ಕಿಂತ ಜಾಸ್ತಿ ಬೇಡ. ನಿಮ್ಮ ಒಟ್ಟೋಮನ್ ಡಬ್ಬದಲ್ಲಿ ಹಗುರ ಸವಾರರು ಕಡಿಮೆ ಬಿದ್ದರೆ ತುರ್ಕಿ ಲೂಟಿ ಸವಾರರಾದ ಅಕಿಂಜಿಗಳನ್ನೇ ತಾತಾರರು ಅಂತ ಓಡಿಸಿ, ಯಾರೂ ಜಗಳಕ್ಕೆ ಬರುವುದಿಲ್ಲ.

ಆಟದ ಜೀವ ಕೊನೆಯ ದಿನದಲ್ಲಿದೆ, ಆಗಸ್ಟ್ 2. ಅಷ್ಟು ಹೊತ್ತಿಗೆ ಗೋಡೆ ಒಳಗಿನವರಿಗೆ ಊಟ ಇಲ್ಲ, ನೀರಿಲ್ಲ, ಕುದುರೆ ಕಡಿದು ತಿನ್ನುವ ಸ್ಥಿತಿ. ಖಾನನಿಗೆ ಬೇರೆ ಸಂಕಟ. ಅವನ ದೊಡ್ಡ ಸರದಾರ ದಿವೇಯ್ ಮುರ್ಜಾ ಎರಡು ದಿನ ಮೊದಲೇ ಸೆರೆ ಸಿಕ್ಕಿದ್ದ. ಅವನನ್ನು ಬಿಡಿಸಿಕೊಳ್ಳಲೇಬೇಕು. ಹಾಗಾಗಿ ತಾತಾರರು ಕುದುರೆ ಇಳಿದು ನಡೆದು ಬಂದರು, ಹಲಗೆಗೆ ಕೈ ಹಾಕಿ ಜಗ್ಗಿದರು. ಒಳಗಿದ್ದವರು ಆ ಕೈಗಳನ್ನೇ ಕಡಿದರು. ಇದು ನಡೆಯುತ್ತಿರುವಾಗಲೇ ವೊರೊತಿನ್ಸ್ಕಿ ತನ್ನ ಪಡೆಯನ್ನು ಕಣಿವೆ ದಾರಿಯಲ್ಲಿ ಸದ್ದಿಲ್ಲದೆ ಸುತ್ತಿಸಿ ಹಿಂದಿನಿಂದ ಹೊಡೆದ. ಖ್ವೊರೊಸ್ತಿನಿನ್ ಜರ್ಮನ್ನರ ಜೊತೆ ಗೋಡೆಯಿಂದ ಹೊರಗೆ ನುಗ್ಗಿದ. ಅಲ್ಲಿಗೆ ಮುಗಿಯಿತು. ಇಷ್ಟು ಮಾಡಿದ ವೊರೊತಿನ್ಸ್ಕಿಯನ್ನು ಮರುವರ್ಷವೇ ಇವಾನ ಹಿಡಿಸಿದ, ಅದೇ ವರ್ಷ ಅವನು ಸತ್ತ. ಅದು ಬೇರೆ ಕಥೆ.

ಇದನ್ನು ಟೇಬಲ್‌ಗೆ ತರುವುದು ಹೀಗೆ. ಎಂಟು ಟರ್ನ್ ಆಟ. ಗೋಡೆಯನ್ನು ಒಮ್ಮೆ ನಿಲ್ಲಿಸಿದ ಮೇಲೆ ಅಲ್ಲಾಡಿಸುವ ಹಾಗಿಲ್ಲ. ಗೋಡೆ ಹಿಂದಿನವರ ಮೇಲೆ ಬಾಣಕ್ಕೆ ದೊಡ್ಡ ಕಡಿತ ಕೊಡಿ. ಆದರೆ ಕುದುರೆ ಇಳಿದು ಬಂದು ಮುಟ್ಟಿದ ಪಡೆಗೆ ಪ್ರತಿ ಟರ್ನ್ ಒಂದು ದಾಳ. 6 ಬಿದ್ದರೆ ಆ ಹಲಗೆ ಬಿತ್ತು. ಇಳಿದವರು ಮತ್ತೆ ಹತ್ತಲು ಒಂದು ಪೂರ್ತಿ ಟರ್ನ್ ಕಳೆಯಬೇಕು. ಈ ಒಂದು ರೂಲ್ ಇಡೀ ಆಟವನ್ನು ಬಿಗಿ ಮಾಡುತ್ತೆ. ಇಳಿಯಲೋ ಬೇಡವೋ ಅಂತ ಎದುರಿನವರು ತಲೆ ಕೆರೆದುಕೊಳ್ಳುವುದನ್ನು ನೋಡುವುದೇ ಮಜಾ. ಮಾಸ್ಕೋ ಕಡೆಗೆ ಹಸಿವಿನ ದಾಳ: ನಾಲ್ಕನೇ ಟರ್ನ್‌ನಿಂದ ಪ್ರತಿ ಸಲ 1 ಬಿದ್ದರೆ ಯಾವುದಾದರೂ ಒಂದು ಬೇಸಿನ ಧೈರ್ಯ ಒಂದು ಮೆಟ್ಟಿಲು ಕೆಳಗೆ. ಸುತ್ತಿಕೊಂಡು ಬರುವ ಪಡೆಯನ್ನು ಟೇಬಲ್ ಮೇಲೆ ಇಡಲೇಬೇಡಿ. ಯಾವ ಟರ್ನ್, ಯಾವ ಅಂಚು ಅಂತ ಆಟದ ಶುರುವಿನಲ್ಲೇ ಚೀಟಿಯಲ್ಲಿ ಬರೆದು ಮಡಚಿ ಇಟ್ಟುಬಿಡಿ. ಬೇಗ ಬರೆದರೆ ತಾತಾರರು ಇನ್ನೂ ಕುದುರೆ ಮೇಲಿರುತ್ತಾರೆ, ತಡವಾದರೆ ಗೋಡೆ ಇರುವುದಿಲ್ಲ. ದಿವೇಯ್ ಮುರ್ಜಾನ ಗೊಂಬೆ ಗೋಡೆ ಒಳಗಿರಲಿ. ಖಾನ ಅದನ್ನು ಮುಟ್ಟಿದರೆ ಗೆದ್ದ, ಎಂಟು ಟರ್ನ್‌ನಲ್ಲಿ ಆಗದಿದ್ದರೆ ಸೋತ. ಎಷ್ಟು ಬೇಸ್ ಸತ್ತವು ಅಂತ ಎಣಿಸುವುದು ಬೇಡವೇ ಬೇಡ.

ಎರಡನೆಯದು ಚಿಗಿರಿನ್ ಕೋಟೆಯ ಮುತ್ತಿಗೆ, 1678. ಈಗಿನ ಉಕ್ರೇನಿನಲ್ಲಿದೆ. ಇಲ್ಲಿ ಅಸಲಿ ಒಟ್ಟೋಮನ್ ಸೈನ್ಯವೇ ಬಂತು, ಮುಂದೆ 1683ರಲ್ಲಿ ವಿಯೆನ್ನಾಗೆ ಮುತ್ತಿಗೆ ಹಾಕಿದ ಅದೇ ಕಾರಾ ಮುಸ್ತಫಾ ಪಾಶಾನ ಕೈಕೆಳಗೆ. ಪೂರ್ತಿ ಮುತ್ತಿಗೆ ಆಡಲು ಹೋಗಬೇಡಿ. ಸುರಂಗ, ಕಂದಕ, ಬೇಜಾರು. ಮುತ್ತಿಗೆಯ ಫಿರಂಗಿ ಅಂದರೆ ಇಟ್ಟ ಜಾಗ ಬಿಟ್ಟು ಕದಲದ ವಸ್ತು. ವಿಜಯಪುರದ ಮಲಿಕ್-ಎ-ಮೈದಾನ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. 

ಮುತ್ತಿಗೆ ಬಿಡಿಸಲು ಮಾಸ್ಕೋ ಸೇನಾಪತಿ ರೊಮೊದಾನೊವ್ಸ್ಕಿ ಮತ್ತು ಕೊಸಾಕರ ಹೆಟ್ಮನ್ (ನಾಯಕ) ಸಮೋಯ್ಲೊವಿಚ್ ಸೈನ್ಯ ತಂದರಲ್ಲ, ಅದನ್ನು ಆಡಿ. ಹಳೇ ಪಂಚಾಂಗದ ಆಗಸ್ಟ್ 3ರಂದು ಸ್ಟ್ರೆಲ್ನಿಕೋವ್ ಗುಡ್ಡ ಹತ್ತಿದ ಜಗಳ. ಗುಡ್ಡ ಹತ್ತಿದ ಮಾಸ್ಕೋ ಕಾಲಾಳುಗಳ ಮೇಲೆ ತುರ್ಕರು ತಿರುಗಿ ಬಿದ್ದರು. ಒಂದು ಪಡೆ ಸುತ್ತಲೂ ಶತ್ರು ಇದ್ದರೂ ಚೂಪು ಮೊಳೆಗಳ ದಿಮ್ಮಿಗಳನ್ನು ಅಡ್ಡ ಇಟ್ಟುಕೊಂಡು, ಫಿರಂಗಿ ಹಾರಿಸುತ್ತಾ, ಸಹಾಯ ಬರುವವರೆಗೆ ನಿಂತಿತು. ನಿಮ್ಮ ಈಟಿ ಹಿಡಿದ ಕಾಲಾಳುಗಳಿಗೆ ಇದೇ ಜಾಗ. ಆ ದಿಮ್ಮಿಗಳನ್ನು ಟೂತ್‌ಪಿಕ್‌ನಲ್ಲಿ ಮಾಡಿಕೊಳ್ಳಬಹುದು. ಕುದುರೆ ಅದರ ಮೇಲೆ ಹಾಯುವ ಹಾಗಿಲ್ಲ, ಜಾನಿಸರಿಗಳು ಒಂದು ಟರ್ನ್ ನಿಂತು ಕಿತ್ತುಹಾಕಬಹುದು, ಅಷ್ಟೇ ರೂಲ್. ಗುಡ್ಡದ ತುದಿ ಯಾರ ಕೈಯಲ್ಲಿ ಉಳಿಯಿತು ಅನ್ನುವುದೇ ಗೆಲುವು.

ನಿಜದಲ್ಲಿ ಗುಡ್ಡ ಸಿಕ್ಕಿತು, ಕೋಟೆ ಉಳಿಯಲಿಲ್ಲ. ಒಳಗೆ ರಕ್ಷಣೆಗೆ ನಿಂತಿದ್ದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗಾರ್ಡನ್ ವಾರದ ಮೇಲೆ ಮದ್ದಿನ ಮನೆಗೆ ಬೆಂಕಿ ಇಡಿಸಿ ಹೊರಬಿದ್ದ. ಅವನು ಬರೆದಿಟ್ಟ ದಿನಚರಿ ಸಿಗುತ್ತೆ, ಓದಿ.

ಪೇಂಟ್ ಬಗ್ಗೆ ಒಂದೇ ಮಾತು. ಜಾನಿಸರಿ ಟೋಪಿಯ ಹಿಂದೆ ಇಳಿಬಿದ್ದ ಬಟ್ಟೆಗೆ ಅಚ್ಚ ಬಿಳಿ ಹಚ್ಚಿದ್ದೀರಿ. ಮಡಿಕೆಗಳಲ್ಲಿ ತೆಳು ಕಂದು ಇಳಿಸಿ, ಆಗ ಅದು ಉಣ್ಣೆ ಅನ್ನಿಸುತ್ತೆ. ಸ್ಪ್ರೇ ವಾರ್ನಿಷ್ ಮಾತ್ರ ಈ ಮಳೆಯಲ್ಲಿ ಹೊಡೆಯಬೇಡಿ, ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತೆ. ಬಿಸಿಲು ಬರುವವರೆಗೆ ಕಾಯಿರಿ, ಇಲ್ಲವೇ ಬ್ರಷ್‌ನಲ್ಲಿ ಹಚ್ಚಿ.

ನಿಮ್ಮಲ್ಲಿ ತಾತಾರ ಬೇಸ್ ಒಟ್ಟು ಎಷ್ಟಿವೆ ಹೇಳಿ. 40ಕ್ಕೆ ತೀರಾ ಕಡಿಮೆ ಇದ್ದರೆ ಎರಡೂ ಕಡೆ ಅರ್ಧ ಮಾಡಿ, ಗೋಡೆ ಐದು ತುಂಡಿಗೆ ಇಳಿಸಿ, ಹೊಸ ಲೆಕ್ಕ ಇಲ್ಲೇ ಹಾಕುತ್ತೇನೆ.